ಜ್ವರವೋ, ಸಪ್ಪೆ ರೋಗವೋ: ನಿಂತುಹೋದ ಒಲವನ್ನು ಮತ್ತೆ ಹಿಡಿಯುವ ಬಗೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ಕಾಲದಲ್ಲಿ, ನನಗಿನ್ನೂ ಎಂಟೋ ಒಂಬತ್ತೋ ವರ್ಷವಿರುವಾಗ, ಒಂದು ಬೆಳಿಗ್ಗೆ ತಟ್ಟೆಗಳ ತುಂಬ ಇದ್ದ ಹುಳುಗಳೆಲ್ಲ ತಲೆಯನ್ನು ಮೇಲೆತ್ತಿಕೊಂಡು ಅಲುಗಾಡದೆ ಕುಳಿತಿದ್ದವು. ಹಿಂದಿನ ದಿನದವರೆಗೂ ಹಾಕಿದ ಸೊಪ್ಪನ್ನೆಲ್ಲ ಕಡ್ಡಿ ಮಾತ್ರ ಉಳಿಯುವ ಹಾಗೆ ಮೇಯ್ದಿದ್ದ ಹುಳುಗಳು ಇವೇ ಎಂದು ನಂಬಲಾಗಲಿಲ್ಲ. "ಅಪ್ಪಾ, ಹುಳ ಎಲ್ಲಾ ಸತ್ತೋಗಿವೆ" ಎಂದು ಅಳುತ್ತಾ ಅಂಗಳಕ್ಕೆ ಓಡಿದೆ. ಅಪ್ಪ ಒಳಗೆ ಬಂದು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಸತ್ತಿಲ್ಲ ಕಣಮ್ಮಾ, ಜ್ವರಕ್ಕೆ ಕೂತಿವೆ. ಈಗ ಸೊಪ್ಪು ಹಾಕ್ಬಾರ್ದು" ಎಂದರು; ತೆಳುಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು ಮೆಲ್ಲಗೆ ತಟ್ಟೆಯ ಮೇಲೆ ಉದುರಿಸಿದರು. ಹುಳು ಪೊರೆ ಬಿಡುವ ಮುಂಚೆ ಹೀಗೆ ಮೇವು ಬಿಟ್ಟು ನಿಲ್ಲುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಳುಗಳು ಹಳೆಯ ಚರ್ಮವನ್ನು ಹಿಂದೆ ಬಿಟ್ಟು, ಬೂದುಬಣ್ಣದ ಸಡಿಲ ಮೈಯಲ್ಲಿ ಸೊಪ್ಪು ಹುಡುಕುತ್ತಾ ಹೊರಟಿದ್ದವು.

ಒಂದು ಕಾಲದಲ್ಲಿ ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ನಿಂತುಹೋಗಿದೆ ಎಂದು ಹೇಳಿಕೊಳ್ಳುವ ಹಲವರನ್ನು ನಾನು ಬಲ್ಲೆ. ಹಾಡುತ್ತಿದ್ದವರು, ಪದ್ಯ ಬರೆಯುತ್ತಿದ್ದವರು, ಕಸೂತಿ ಹಾಕುತ್ತಿದ್ದವರು, ಹಿತ್ತಲಲ್ಲಿ ಗಿಡ ಬೆಳೆಸುತ್ತಿದ್ದವರು, ತಮ್ಮ ಚಿಕ್ಕ ಅಂಗಡಿಯನ್ನೇ ಬಹಳ ಅಕ್ಕರೆಯಿಂದ ನಡೆಸುತ್ತಿದ್ದವರು ಅವರಲ್ಲಿದ್ದಾರೆ. ರಂಗೋಲಿ ಮತ್ತು ಚಿತ್ರ ಬಿಟ್ಟು ಒಂಬತ್ತು ವರ್ಷ ಕಳೆದ ನಾನೂ ಅವರಲ್ಲೊಬ್ಬಳಾಗಿದ್ದೆ. ಮತ್ತೆ ಕೈ ಹಚ್ಚಿದಾಗ ಯಾವ ಕ್ರಮ ನನಗೂ ನನ್ನ ಸುತ್ತಲಿನ ಕೆಲವರಿಗೂ ನೆರವಾಯಿತೋ ಅದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಹೆಜ್ಜೆಗಳನ್ನು ಬರೆದ ಅನುಕ್ರಮದಲ್ಲೇ ಇಡುವುದು ಒಳ್ಳೆಯದು. ಬಹಳ ಜನ ನಾಲ್ಕನೆಯದರಿಂದ ಆರಂಭಿಸಿ ಸೋಲುತ್ತಾರೆ.

1. ಮೊದಲು ನಿಂತದ್ದು ಯಾಕೆ ಎಂದು ನೋಡಿಕೊಳ್ಳಿ

ಹುಳು ಸಾಕುವವರಿಗೆಲ್ಲ ತಿಳಿದಿರುವಂತೆ, ಹುಳು ಮೇಯುವುದನ್ನು ಬಿಡುವುದಕ್ಕೆ ಒಂದೇ ಕಾರಣವಿಲ್ಲ. ಜ್ವರಕ್ಕೆ ಕೂತ ಹುಳು ಮೇಯುವುದಿಲ್ಲ, ಮೈ ಮೆತ್ತಗಾಗಿಸುವ ಸಪ್ಪೆ ರೋಗ ತಗುಲಿದ ಹುಳುವೂ ಮೇಯುವುದಿಲ್ಲ, ಹಾಕಿದ ಸೊಪ್ಪು ಬಾಡಿ ಒಣಗಿದ್ದರೆ ಗಟ್ಟಿಮುಟ್ಟಾದ ಹುಳುವೂ ಬಾಯಿ ಹಾಕುವುದಿಲ್ಲ. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ, ಆದರೆ ಮೂರಕ್ಕೂ ಮಾಡಬೇಕಾದ ಆರೈಕೆ ಬೇರೆ ಬೇರೆ. ಮನಸ್ಸಿನ ವಿಷಯದಲ್ಲೂ ಈ ಮೂರನ್ನು ಬಿಡಿಸಿ ನೋಡದೆ ಮುಂದೆ ಹೋಗಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ದೊಡ್ಡ ಕೆಲಸವೊಂದನ್ನು ಮುಗಿಸಿದ ಮೇಲೆ ಬರುವ ನಿಲುಗಡೆ ಜ್ವರದಂಥದು. ಮಗಳ ಮದುವೆ ಮಾಡಿದವರಿಗೆ, ಮನೆ ಕಟ್ಟಿಸಿದವರಿಗೆ, ಎರಡು ವರ್ಷ ಕೂತು ಪುಸ್ತಕ ಮುಗಿಸಿದವರಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡಿ ದಣಿದವರಿಗೆ ಇದು ಬರುತ್ತದೆ. ರೇಷ್ಮೆ ಹುಳುವಿಗೆ ಹೀಗೆ ನಾಲ್ಕು ಜ್ವರಗಳು ಬಂದು ಹೋಗುತ್ತವೆ. ಒಂದೊಂದೂ ಹೆಚ್ಚು ಕಡಿಮೆ ಒಂದು ದಿನ, ನಾಲ್ಕನೆಯದು ಇನ್ನೂ ಕೆಲವು ಗಂಟೆ ಹೆಚ್ಚು. ಆ ಹೊತ್ತಿನಲ್ಲಿ ಅವಸರಪಟ್ಟು ಸೊಪ್ಪು ಹಾಕಿದರೆ ಮೊದಲು ಎದ್ದವು ಮೇಯ್ದು ಮುಂದೆ ಹೋಗುತ್ತವೆ, ಉಳಿದವು ಹಿಂದುಳಿಯುತ್ತವೆ, ಇಡೀ ಬೆಳೆ ಏರುಪೇರಾಗುತ್ತದೆ. ಮನುಷ್ಯರಿಗೂ ಇಂತಹ ಹೊತ್ತಿನಲ್ಲಿ ಬೇಕಾದದ್ದು ಅವಧಿ ಗೊತ್ತುಮಾಡಿದ ಬಿಡುವು. ಕ್ಯಾಲೆಂಡರಿನಲ್ಲಿ ಮೂರು ವಾರದ ಮುಂದಿನ ಒಂದು ದಿನಾಂಕಕ್ಕೆ ಗುರುತು ಹಾಕಿ, ಅಲ್ಲಿಯವರೆಗೆ ಆ ಕೆಲಸವನ್ನು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿ, ಚೆನ್ನಾಗಿ ನಿದ್ದೆ ಮಾಡಿ. ಅಪ್ಪ ಸುಣ್ಣ ಉದುರಿಸುತ್ತಿದ್ದದ್ದು ಹಾಸು ಒಣಗಿರಲೆಂದು. ಬಿಡುವಿನ ದಿನಗಳನ್ನು ರಾತ್ರಿಯೆಲ್ಲ ಮೊಬೈಲ್ ನೋಡಿ ತೇವ ಮಾಡಿಕೊಂಡರೆ ಬಿಡುವು ಬಿಡುವಾಗಿ ಉಳಿಯುವುದಿಲ್ಲ.

ಬಾಡಿದ ಸೊಪ್ಪಿನ ವಿಷಯ ಸುಲಭ, ಅದಕ್ಕೆ ಆರನೇ ಹೆಜ್ಜೆಯಲ್ಲಿ ಬರುತ್ತೇನೆ.

ಸಪ್ಪೆ ರೋಗದ ವಿಷಯವನ್ನು ಮಾತ್ರ ಇಲ್ಲೇ ಹೇಳಬೇಕು. ನಿಮ್ಮ ಒಂದು ಹವ್ಯಾಸದಲ್ಲಿ ಮಾತ್ರವಲ್ಲದೆ ಊಟ, ಮಾತು, ಮಕ್ಕಳು, ಹಬ್ಬ ಎಲ್ಲದರಲ್ಲೂ ರುಚಿ ಹೋಗಿ ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ತಾನು ಯಾವುದಕ್ಕೂ ಪ್ರಯೋಜನವಿಲ್ಲ ಎಂಬ ಯೋಚನೆ ಮತ್ತೆ ಮತ್ತೆ ಬರುತ್ತಿದ್ದರೆ, ಅದು ಖಿನ್ನತೆಯಾಗಿರಬಹುದು. ಅದಕ್ಕೆ ಈ ಲೇಖನದ ಹೆಜ್ಜೆಗಳು ಸಾಲುವುದಿಲ್ಲ, ವೈದ್ಯರನ್ನು ಕಾಣಬೇಕು. ಥೈರಾಯ್ಡ್ ತೊಂದರೆ ಮತ್ತು ರಕ್ತಹೀನತೆಯೂ ಮನುಷ್ಯನನ್ನು ಹೀಗೆ ಮಂಕಾಗಿಸುತ್ತವೆ, ಆದ್ದರಿಂದ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಕಡೆ "ಇವನಿಗೆ ಸೋಮಾರಿತನ" ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋದ ನೋವುಗಳನ್ನು ನಾನು ಕಂಡಿರುವುದರಿಂದ ಇದನ್ನು ಮೊದಲಿಗೇ ಬರೆಯುತ್ತಿದ್ದೇನೆ.

2. ಕೈಗೆ ಏನು ನೆನಪಿದೆ ಎಂದು ಕೇಳಿಕೊಳ್ಳಿ

"ನನಗೆ ಯಾವುದರಲ್ಲಿ ಆಸಕ್ತಿ?" ಎಂದು ಮನಸ್ಸನ್ನು ಕೇಳಿದರೆ ಅದು ಬೇರೆಯವರಿಗೆ ಕೇಳಿಸಲು ಚೆನ್ನಾಗಿರುವ ಉತ್ತರವನ್ನೇ ಕೊಡುತ್ತದೆ. ಕೈಯನ್ನು ಕೇಳುವುದು ಮೇಲು. ಒಂದು ವಾರ ಒಂದು ಚಿಕ್ಕ ನೋಟ್‌ಬುಕ್ ಜೊತೆಗಿಟ್ಟುಕೊಂಡು, ಹದಿನೈದು ವರ್ಷ ತುಂಬುವ ಮೊದಲು ಯಾರೂ ಹೇಳದೆ ನೀವು ಏನು ಮಾಡುತ್ತಿದ್ದಿರಿ, ಯಾವ ಕೆಲಸದಲ್ಲಿ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ, ಮೀಟಿಂಗಿನಲ್ಲಿ ಕುಳಿತಾಗ ಪೆನ್ನು ತಾನಾಗಿ ಏನು ಗೀಚುತ್ತದೆ ಎಂಬುದನ್ನೆಲ್ಲ ನೆನಪಾದಾಗ ನೆನಪಾದಂತೆ ಬರೆದುಕೊಳ್ಳಿ. ಹೊಟ್ಟೆಕಿಚ್ಚನ್ನೂ ಬರೆದುಕೊಳ್ಳಿ. ಯಾರಾದರೂ ಹೊಸ ಕಾರು ಕೊಂಡರೆ ನಿಮಗೆ ಏನೂ ಅನ್ನಿಸದೆ, ನಿಮ್ಮ ಓರಗೆಯವರೊಬ್ಬರು ಐವತ್ತನೇ ವಯಸ್ಸಿನಲ್ಲಿ ವೀಣೆ ಕಲಿಯಲು ಹೋಗುತ್ತಿದ್ದಾರೆಂದು ಕೇಳಿದಾಗ ಒಳಗೆ ಚುರುಕ್ ಎಂದರೆ, ಅದು ಬಹಳ ನಂಬಿಕೆಗೆ ಯೋಗ್ಯವಾದ ಸೂಚನೆ.

ನನ್ನ ನೋಟ್‌ಬುಕ್ಕಿನಲ್ಲಿ ಮೂರನೇ ದಿನ ಬಂದದ್ದು ಚುಕ್ಕಿ. ಸ್ಟಾಫ್ ರೂಮಿನಲ್ಲಿ ಸುತ್ತೋಲೆಯ ಹಿಂಬದಿಯಲ್ಲಿ ನಾನು ಅರಿವಿಲ್ಲದೆ 15ರಿಂದ 8ಕ್ಕೆ ಇಳಿಯುವ ಸಂದುಚುಕ್ಕಿಗಳನ್ನು ಇಟ್ಟಿದ್ದೆ. ನಡುವೆ ಹದಿನೈದು ಚುಕ್ಕಿ, ಅದರ ಮೇಲೆ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಹದಿನಾಲ್ಕು, ಹಾಗೆಯೇ ಎಂಟರವರೆಗೆ, ಕೆಳಗೂ ಅದೇ ರೀತಿ. ಅಮ್ಮ ಸೆಗಣಿ ಸಾರಿಸಿದ ಅಂಗಳದ ಮೇಲೆ ಧನುರ್ಮಾಸದ ನಸುಕಿನಲ್ಲಿ ಇದನ್ನೇ ನನ್ನ ಕೈಯಲ್ಲಿ ಇಡಿಸುತ್ತಿದ್ದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪುಡಿಯನ್ನು ಎಷ್ಟು ಬಿಗಿ ಹಿಡಿದರೆ ಎಳೆ ಕಡಿಯದೆ ಬರುತ್ತದೆ ಎಂಬುದು ಬೆರಳಿಗೆ ಇನ್ನೂ ಗೊತ್ತಿತ್ತು.

3. ಅದನ್ನು ಬಾಡಿಸಿದ್ದು ಯಾವುದೆಂದು ಹೆಸರಿಟ್ಟು ಹೇಳಿ

ಈ ಹೆಜ್ಜೆ ನೋವಿನದು, ಆದರೆ ಇದನ್ನು ಹಾರಿಸಿದವರು ಆರು ತಿಂಗಳಲ್ಲಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ಈಕೆಗೆ ಚಿತ್ರ ಬರುತ್ತದೆ ಎಂದು ತಿಳಿದ ದಿನದಿಂದ ಯಾವ ಕಾರ್ಯಕ್ರಮವಾದರೂ ವೇದಿಕೆಯ ಬರಹ, ಬಾಗಿಲ ರಂಗೋಲಿ, ಬಹುಮಾನ ಪತ್ರದ ಅಂಚು ನನ್ನ ಪಾಲಿಗೇ ಬರುತ್ತಿದ್ದವು. ಆರಂಭದಲ್ಲಿ ಹೆಮ್ಮೆಯಾಗುತ್ತಿತ್ತು. ಆಮೇಲೆ ಅಂತರಶಾಲಾ ಸ್ಪರ್ಧೆಗೆ ಕಳಿಸತೊಡಗಿದರು, ಬಹುಮಾನ ಬಂದರೆ ಮಾತನಾಡಿಸುತ್ತಿದ್ದರು, ಬಾರದಿದ್ದರೆ ಮೌನವಿರುತ್ತಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ರಂಗೋಲಿ ಪುಡಿಯ ಡಬ್ಬ ಕಂಡರೆ ಕೈ ಹಿಂದಕ್ಕೆ ಸರಿಯುವಂತಾಯಿತು.

ನನ್ನೊಬ್ಬಳ ದೌರ್ಬಲ್ಯ ಇದೆಂದು ಬಹಳ ದಿನ ಅಂದುಕೊಂಡಿದ್ದೆ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಓದಿದ ಮೇಲೆ ಸಮಾಧಾನವಾಯಿತು. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿ ಪತ್ರ ಕೊಡುವುದಾಗಿ ಅವರು ಮುಂಚೆಯೇ ಹೇಳಿದರು. ಹೀಗೆ ಬಹುಮಾನದ ನಿರೀಕ್ಷೆಯಲ್ಲಿ ಬರೆದ ಮಕ್ಕಳು ಮುಂದಿನ ದಿನಗಳಲ್ಲಿ, ಯಾವ ಬಹುಮಾನವೂ ಇಲ್ಲದೆ ಆಡಲು ಬಿಟ್ಟಾಗ, ಉಳಿದ ಮಕ್ಕಳಿಗಿಂತ ಬಹಳ ಕಡಿಮೆ ಹೊತ್ತು ಬಣ್ಣದ ಪೆನ್ನು ಹಿಡಿದರು. ಆಟವಾಗಿದ್ದದ್ದು ಕೂಲಿಯಾದ ಮೇಲೆ, ಕೂಲಿ ಇಲ್ಲದಾಗ ಅದನ್ನು ಮುಟ್ಟುವ ಮನಸ್ಸು ಬರಲಿಲ್ಲ.

ಒಂದೇ ವಾದ್ಯ ಒಂದು ಕಡೆ ಹೇರಿದ ಚಾಕರಿಯಾಗಿ ಇನ್ನೊಂದು ಕಡೆ ಪ್ರಾಣವಾಗಿ ಇರಬಲ್ಲುದು. ತಲೆಮಾರುಗಳ ಕಾಲ ಕೆಲವರ ಮೇಲೆ ಜಾತಿಯ ಕಟ್ಟಳೆಯಾಗಿ ಹೊರಿಸಿದ್ದ ತಮಟೆಯನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಕಲೆಯಾಗಿ ಎತ್ತಿಹಿಡಿದರು, 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮ ಕೆಲಸದಲ್ಲಿ ಕಟ್ಟಳೆಯ ಭಾಗ ಯಾವುದು, ನಿಮ್ಮದೇ ಆದ ಭಾಗ ಯಾವುದು ಎಂದು ಕಾಗದದ ಮೇಲೆ ಎರಡು ಸಾಲಾಗಿ ಬರೆದು ನೋಡಿ. ಬಹುಮಾನವೋ, ಇತರರೊಡನೆ ಹೋಲಿಕೆಯೋ, ಯಾರದೋ ಒಂದು ಚುಚ್ಚುಮಾತೋ, ಹಣಕ್ಕೆ ತಿರುಗಿಸಬೇಕೆಂಬ ಒತ್ತಾಯವೋ, ಬಾಡಿಸಿದ್ದರ ಹೆಸರು ತಿಳಿದರೆ ಮುಂದಿನ ಕೆಲವು ತಿಂಗಳು ಅದನ್ನು ಹತ್ತಿರ ಬಿಡದಿರುವುದು ಸಾಧ್ಯವಾಗುತ್ತದೆ.

4. ಹತ್ತು ನಿಮಿಷ, ಒಂದೇ ಜಾಗ, ಯಾರಿಗೂ ತೋರಿಸದೆ

ಹುಮ್ಮಸ್ಸು ಬಂದ ಮೇಲೆ ಆರಂಭಿಸೋಣ ಎಂದು ಕಾಯುವುದು ದೊಡ್ಡ ತಪ್ಪು. ಮೊದಲು ಕೈ ಹೋಗಬೇಕು, ಮನಸ್ಸು ಅದರ ಹಿಂದೆ ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲೂ ಇದೇ ತತ್ವದ ಒಂದು ವಿಧಾನವಿದೆ. ಮನಸ್ಸು ಸರಿಹೋಗಲೆಂದು ಕಾಯದೆ, ಹಿಂದೆ ಹಿತವೆನಿಸುತ್ತಿದ್ದ ಸಣ್ಣ ಕೆಲಸಗಳನ್ನು ದಿನಚರಿಯಲ್ಲಿ ವೇಳೆ ಗೊತ್ತುಮಾಡಿ ಮಾಡಿಸುತ್ತಾರೆ.

ವೇಳೆಯನ್ನು ಈಗಾಗಲೇ ನಡೆಯುತ್ತಿರುವ ಯಾವುದಾದರೂ ಕೆಲಸದ ಬಾಲಕ್ಕೆ ಕಟ್ಟಿ. ಕಾಫಿ ಕುಡಿದ ಲೋಟ ತೊಳೆದಿಟ್ಟ ಕೂಡಲೇ, ಹಾಲು ಡೈರಿಗೆ ಹಾಕಿ ಬಂದ ಕೂಡಲೇ, ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಿದ ಕೂಡಲೇ ಎಂದು ನಿಗದಿ ಮಾಡಿದರೆ "ಆರು ಗಂಟೆಗೆ" ಎನ್ನುವುದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಸಾಮಾನು ಕಣ್ಣೆದುರಿಗೇ ಇರಲಿ. ಅಟ್ಟದ ಮೇಲಿರುವ ಹಾರ್ಮೋನಿಯಂ ಯಾರ ಒಲವನ್ನೂ ಎಬ್ಬಿಸುವುದಿಲ್ಲ. ಅದನ್ನು ಇಳಿಸಿ, ಧೂಳು ಒರೆಸಿ, ನಡುಮನೆಯ ಮೂಲೆಯಲ್ಲಿ ಒಂದು ಬಟ್ಟೆ ಹೊದಿಸಿ ಇಡಿ. ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಾಗ, ಇನ್ನೂ ಮಾಡಬೇಕೆನಿಸಿದರೂ ಮೊದಲ ಎರಡು ವಾರ ನಿಲ್ಲಿಸಿಬಿಡಿ. ಆ ಉಳಿದ ಆಸೆಯೇ ನಾಳೆ ನಿಮ್ಮನ್ನು ಕರೆದುಕೊಂಡು ಬರುತ್ತದೆ. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ಸ್ಟೇಟಸ್ಸಿಗೆ ಹಾಕಬೇಡಿ. ನಾನು ಚಿಕ್ಕಬಳ್ಳಾಪುರದ ಬಾಡಿಗೆ ಮನೆಯ ಹಿಂಬಾಗಿಲಲ್ಲಿ, ಮುಂಬಾಗಿಲಲ್ಲಿ ಇಟ್ಟರೆ ನಾಲ್ಕು ಜನ ನೋಡುತ್ತಾರೆಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ 7ರಿಂದ 4ರ ಪುಟ್ಟ ಚುಕ್ಕಿ ಇಡುತ್ತಿದ್ದೆ. ನಲ್ಲಿ ಬಿಟ್ಟರೆ ಅದು ತೊಳೆದು ಹೋಗುತ್ತಿತ್ತು, ಹಾಗೆ ಹೋಗುವುದೇ ನನಗೆ ಬೇಕಾಗಿತ್ತು.

ಎಷ್ಟು ದಿನದಲ್ಲಿ ಇದು ರೂಢಿಯಾಗುತ್ತದೆ ಎಂದು ಕೇಳುವವರಿಗೆ: ಇಪ್ಪತ್ತೊಂದು ದಿನ ಎಂಬ ಲೆಕ್ಕವನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಕೆಲಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಒಬ್ಬೊಬ್ಬರ ಲೆಕ್ಕ 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ನಷ್ಟವೇನೂ ಆಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡ ಸಂಗತಿ.

5. ಕಷ್ಟವನ್ನು ಒಂದೊಂದೇ ಮನೆ ಏರಿಸಿ

ಸುಲಭವಾದದ್ದನ್ನೇ ಮಾಡುತ್ತಿದ್ದರೆ ಬೇಸರ ಬರುತ್ತದೆ, ಕೈಗೆಟುಕದ್ದಕ್ಕೆ ಹಾರಿದರೆ ಅಂಜಿಕೆ ಬರುತ್ತದೆ. ಕೆಲಸದಲ್ಲಿ ಮೈಮರೆಯುವ ಸ್ಥಿತಿಯನ್ನು ಹಲವು ದಶಕ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ, ಕೆಲಸದ ಕಷ್ಟ ಮತ್ತು ನಮ್ಮ ಕೈಯ ಅಳವು ಹತ್ತಿರ ಹತ್ತಿರ ಇದ್ದಾಗ ಆ ಸ್ಥಿತಿ ಉಂಟಾಗುತ್ತದೆಂದು ತೋರಿಸಿದರು. ನಮ್ಮ ಹಳ್ಳಿಗಳ ಹಾರ್ಮೋನಿಯಂ ಮೇಷ್ಟ್ರುಗಳಿಗೆ ಇದು ಅಭ್ಯಾಸಬಲದಿಂದಲೇ ಗೊತ್ತು.

1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ತುಮಕೂರು ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಆರಿಲ್ಲ. ಪಾತ್ರ ಮಾಡುವವರೇ ಕೈಯಿಂದ ಹಣ ಹಾಕುತ್ತಾರೆ, ದುರ್ಯೋಧನ, ಕೃಷ್ಣನಂತಹ ದೊಡ್ಡ ಪಾತ್ರಕ್ಕೆ ಹೆಚ್ಚು ಹಾಕುತ್ತಾರೆ, ಹಗಲೆಲ್ಲ ದುಡಿದು ಬಂದು ರಾತ್ರಿ ಭಜನೆ ಮನೆಯಲ್ಲಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ನೆಂಟರ ಊರಿನಲ್ಲಿ, ಹಾಲಿನ ಸೊಸೈಟಿಯ ಲೆಕ್ಕ ನೋಡಿಕೊಂಡು ಐವತ್ತು ದಾಟಿದ್ದ ಒಬ್ಬರು ಇಪ್ಪತ್ತು ವರ್ಷದ ಮೇಲೆ ಮತ್ತೆ ಕರ್ಣನ ಪಾತ್ರ ಹಿಡಿದಿದ್ದರು. ಮೂರನೇ ರಾತ್ರಿಯೇ ಅವರು ಎದ್ದು ನಿಂತು, "ಮೇಷ್ಟ್ರೇ, ನನಗೆ ಶ್ರುತಿನೇ ಸಿಗ್ತಿಲ್ಲ, ಪಾತ್ರ ಬೇರೆಯವ್ರಿಗೆ ಕೊಟ್ಬಿಡಿ" ಎಂದರು. ಮೇಷ್ಟ್ರು ತಿದಿ ಒತ್ತುವುದನ್ನು ನಿಲ್ಲಿಸದೆ, "ಒಂದು ಮನೆ ಇಳಿಸ್ತೀನಿ, ಕೂತ್ಕೊಳಿ ಯಜಮಾನ್ರೇ. ಇವತ್ತು ಮೊದಲ್ನೇ ಸಾಲು ಮಾತ್ರ ಹೇಳಿ, ಮುಂದಿಂದು ನಾಳೆ ನೋಡ್ಕೊಳಾಣ" ಎಂದರು. ಮನೆ ಎಂದರೆ ಹಾರ್ಮೋನಿಯಂನ ಒಂದು ಸ್ವರದ ಪಟ್ಟಿ. ಹೀಗೆ ಇಳಿಸಿದ ಶ್ರುತಿಯನ್ನು ಹದಿನೈದು ದಿನದ ಮೇಲೆ ಮೇಷ್ಟ್ರು ಹೇಳದೆ ಕೇಳದೆ ಮೊದಲಿನ ಮನೆಗೇ ಏರಿಸಿದ್ದು ಪಾತ್ರಧಾರಿಗೆ ಗೊತ್ತೇ ಆಗಲಿಲ್ಲ.

ನೀವೂ ಹೀಗೆ ಮಾಡಿ. ತಡೆದು ನಿಂತ ದಿನ ಕೆಲಸವನ್ನು ಬಿಡುವ ಬದಲು ಒಂದು ಮನೆ ಇಳಿಸಿ. ಕಥೆ ಸಾಗದಿದ್ದರೆ ಒಂದು ಸಂಭಾಷಣೆ ಮಾತ್ರ ಬರೆಯಿರಿ, ಪೂರ್ತಿ ಚಿತ್ರ ಆಗದಿದ್ದರೆ ಒಂದು ಚೊಂಬನ್ನು ಮಾತ್ರ ಬರೆಯಿರಿ. ಸಲೀಸಾದ ದಿನ ಸದ್ದಿಲ್ಲದೆ ಒಂದು ಮನೆ ಏರಿಸಿ.

6. ತಾಜಾ ಸೊಪ್ಪು ಹಾಕಿ

ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೆಯ ವಾರದಲ್ಲೇ ತಿನ್ನುತ್ತದೆ. ಒಲವು ಮರಳಿದವರಿಗೂ ಹಾಗೆಯೇ ಭಾರಿ ಹಸಿವು ಬರುತ್ತದೆ, ಆಗ ಒಳಗೆ ಹಾಕುವುದಕ್ಕೆ ಕೈ ಹಿಡಿಯಬಾರದು. ವಾರಕ್ಕೊಮ್ಮೆ ಒಂದು ಸಂಜೆಯನ್ನು ನೋಡುವುದಕ್ಕೆ, ಕೇಳುವುದಕ್ಕೆ ಎಂದೇ ಎತ್ತಿಡಿ. ತುಮಕೂರಿನವರಿಗೆ ದೇವರಾಯನದುರ್ಗದ ಕಾಡು ಹತ್ತಿರವಿದೆ, ಕೋಲಾರದವರಿಗೆ ಅಂತರಗಂಗೆಯ ಮೆಟ್ಟಿಲುಗಳಿವೆ. ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗಿ ಬನ್ನಿ. ನಿಮ್ಮ ಕಲೆಗೆ ಸಂಬಂಧವೇ ಇಲ್ಲದ್ದನ್ನು ನೋಡಿ ಎಂದು ವಿಶೇಷವಾಗಿ ಹೇಳುತ್ತೇನೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರು ಒಂದು ಹಿಡಿ ಗೂಡನ್ನು ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಅಲುಗಾಡಿಸಿ ನೋಡುವುದನ್ನು ಅರ್ಧ ಗಂಟೆ ನಿಂತು ನೋಡಿದ ದಿನ ನನಗೆ ಚಿತ್ರದ ವಿಷಯದಲ್ಲಿ ಬಹಳ ತಿಳಿಯಿತು.

ಒಬ್ಬರೇ ಇದ್ದು ಸಾಕಾದ ಮೇಲೆ ಜೊತೆ ಹುಡುಕಿ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆಯ ರಾತ್ರಿಗಳಲ್ಲಿ ನಡೆಸಿಕೊಂಡು ಬಂದ ಹುಣ್ಣಿಮೆ ಹಾಡು, ಊರೂರಿನಲ್ಲಿ ಕೈವಾರ ತಾತಯ್ಯನವರ ತತ್ವಪದ ಹಾಡುವ ಭಜನೆ ತಂಡಗಳು, ಇವೆಲ್ಲ ಪರಿಣತರಿಗೆಂದು ಮೀಸಲಾದ ಜಾಗಗಳಲ್ಲ. ತಾತಯ್ಯನವರೂ ಬಳೆ ಮಾರುತ್ತಾ ಊರೂರು ತಿರುಗಿದವರು. ತಾಳ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಅಲ್ಲಿ ಜಾಗವಿದೆ.

7. ಕಲೆಯೇ ಬೇಡ ಎನ್ನುವವರಿಗೆ

ಒಲವು ಎಂದರೆ ಹಾಡು, ಚಿತ್ರ, ಪದ್ಯ ಎಂದೇ ತಿಳಿಯಬೇಕಾಗಿಲ್ಲ. ಡಿಸೆಂಬರ್ ಬಂದರೆ ನಮ್ಮ ಅತ್ತೆ ಸಂತೆಯಲ್ಲಿ ಅವರೆಕಾಯಿಯನ್ನು ಮೂಸಿ, ಸೊಗಡು ಕೈಗೆ ಅಂಟುವಂಥದನ್ನೇ ಆರಿಸಿ ತಂದು, ಕಾಳು ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೂ ಹಿಸುಕಿ ಸಿಪ್ಪೆ ಹಾರಿಸುತ್ತಾ ಕೂರುತ್ತಾರೆ. ಆ ಎರಡು ಗಂಟೆ ಅವರ ಮುಖದಲ್ಲಿ ಇರುವ ನೆಮ್ಮದಿಯನ್ನು ನಾನು ದೊಡ್ಡ ಕಲಾವಿದರಲ್ಲೂ ಅಪರೂಪವಾಗಿ ಕಂಡಿದ್ದೇನೆ. ದಿನನಿತ್ಯದ ಕೆಲಸಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಆರಿಸಿಕೊಂಡು ಅದನ್ನು ಅವಸರವಿಲ್ಲದೆ, ಹಿಂದಿನ ಸಲಕ್ಕಿಂತ ಸ್ವಲ್ಪ ಚೆನ್ನಾಗಿ ಮಾಡುವುದೆಂದು ಇಟ್ಟುಕೊಳ್ಳಿ.

ನೌಕರಿಯೇ ಅಡ್ಡಿ ಎನ್ನುವವರು ಕೋಲಾರ ಜಿಲ್ಲೆಯವರೇ ಆದ ಮಾಸ್ತಿಯವರನ್ನು ನೆನೆಯಬಹುದು. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಅವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರಿಂದೂರಿಗೆ ವರ್ಗವಾಗುತ್ತಾ, ಕಡತಗಳ ನಡುವೆಯೇ ಕತೆ ಬರೆದರು. ಜ್ಞಾನಪೀಠ ಬಂದದ್ದು 1983ರಲ್ಲಿ, ಆಗ ಅವರು ತೊಂಬತ್ತು ದಾಟಿದ್ದರು. ವಯಸ್ಸಾಯಿತು ಎನ್ನುವವರಿಗೆ ಮುಳಬಾಗಿಲಿನ ಡಿ.ವಿ.ಜಿ. ಇದ್ದಾರೆ. ಇಂದು ಮನೆಮನೆಯಲ್ಲಿ ಓದುವ ಅವರ ಚೌಪದಿಗಳು 1943ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ ಐವತ್ತಾರು.

8. ಎರಡನೇ ಜ್ವರಕ್ಕೆ ಸಿದ್ಧರಾಗಿರಿ

ಒಮ್ಮೆ ಮರಳಿದ ಒಲವು ಮತ್ತೆ ನಿಲ್ಲುತ್ತದೆ. ಹುಳು ನಾಲ್ಕು ಸಲ ನಿಲ್ಲುತ್ತದೆ, ಮನುಷ್ಯರು ಇನ್ನೂ ಹೆಚ್ಚು ಸಲ. ಅದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ: ಗೋಡೆಯ ಕ್ಯಾಲೆಂಡರಿನಲ್ಲಿ ಕೆಲಸ ಮಾಡಿದ ದಿನಕ್ಕೆ ಒಂದು ಚುಕ್ಕಿ, ನಿಂತ ದಿನ ಯಾಕೆ ನಿಂತಿತೆಂದು ಒಂದು ಪದ. ವರ್ಷ ಕಳೆದ ಮೇಲೆ ನೋಡಿದರೆ ನಿಮ್ಮ ಜ್ವರಗಳು ಯಾವ ತಿಂಗಳಲ್ಲಿ, ಯಾವುದರ ಹಿಂದೆ ಬರುತ್ತವೆ ಎಂಬುದು ಕಾಣುತ್ತದೆ. ನನ್ನ ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳು ಬಹುತೇಕ ಖಾಲಿ, ಪರೀಕ್ಷೆಯ ಕೆಲಸ. ಆ ತಿಂಗಳು ನಾನು ಈಗ ಸೊಪ್ಪು ಹಾಕುವುದಿಲ್ಲ. ಏಪ್ರಿಲ್ ಮೊದಲ ವಾರ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮತ್ತೆ 7ರಿಂದ 4ಕ್ಕೆ ಆರಂಭಿಸುತ್ತೇನೆ, ಆಷಾಢದ ಹೊತ್ತಿಗೆ 15ಕ್ಕೆ ಬರುತ್ತೇನೆ. ನಿನ್ನೆ ಇಟ್ಟದ್ದರಲ್ಲಿ ಹನ್ನೊಂದರ ಸಾಲಿನಲ್ಲಿ ಒಂದು ಚುಕ್ಕಿ ಸಂದಿ ತಪ್ಪಿತ್ತು, ಎಳೆ ಎಳೆಯುವಾಗ ತಿಳಿಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಕಲ್ಲು ಒಣಗುವವರೆಗೆ ಕಾದು, ನಡುವಿನ ಹದಿನೈದರಿಂದ ಮತ್ತೆ ಇಟ್ಟೆ.